ಗುಲಾಬಿ ಎಲೆಗೆ ಬಿದ್ದ ಕತ್ತರಿ

ಅತ್ತೆ ಊಟದ ಮೇಜಿನ ಮೇಲೆ ಗುಲಾಬಿ ಎಲೆಯೊಂದನ್ನು ಇಟ್ಟರು. ಅದರ ಅಂಚಿನಿಂದ ದುಂಡನೆಯ ತುಂಡೊಂದು ಹೋಗಿತ್ತು.

“ಹುಳ ತಿಂದಿದ್ರೆ ಹರ್ಕು ಹರ್ಕಾಗಿರುತ್ತೆ. ಇದು ಕತ್ತರಿ ಕೆಲಸ,” ಎಂದರು. “ನನ್ನ ಮಗ ನೆಟ್ಟ ಗಿಡದ ಮೇಲೆ ಯಾಕಮ್ಮಾ ಸಿಟ್ಟು?”

ಜೀವಮಾನವಿಡೀ ಬಟ್ಟೆ ಹೊಲಿದವರು ಅವರು. ಅಂಚು ನೋಡಿ ಯಾವ ದರ್ಜಿಯ ಕೈ ಎಂದು ಹೇಳಬಲ್ಲರು. ಹಾಗಾಗಿ ಕತ್ತರಿಯ ಮಾತನ್ನು ನಾನು ನಂಬಿದೆ. ಆದರೆ ಕತ್ತರಿ ಹಿಡಿದದ್ದು ನಾನಲ್ಲ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿರುವುದು ನಾವಿಬ್ಬರೇ. ಅಷ್ಟು ನಯವಾಗಿ ಕತ್ತರಿಸುವ ಕೈ ಇರುವುದು ಒಬ್ಬರಿಗೇ.

ಸಂಜೆ ಅವರು ಫೋನಿನಲ್ಲಿ ನನ್ನ ಅಣ್ಣನಿಗೆ ಹೇಳುತ್ತಿದ್ದರು. “ಅವಳು ಯಾಕೋ ಸರಿಯಿಲ್ಲಪ್ಪ. ಎಲೆ ಕತ್ತರಿಸ್ತಾ ಕೂತಿರ್ತಾಳೆ. ಭಾನುವಾರ ಬಂದು ಕರ್ಕೊಂಡು ಹೋಗು.”

ಎಲ್ಲ ಅರ್ಥವಾಯಿತು ಅನ್ನಿಸಿತು. ತಾವೇ ಕತ್ತರಿಸುವುದು, ನನ್ನ ತಲೆಗೆ ಕಟ್ಟುವುದು, ಸಾಗಹಾಕುವುದು. ಅಣ್ಣನ ಮನೆಯಲ್ಲಿ ಎಲ್ಲರೂ ‘ಅಯ್ಯೋ ಪಾಪ’ ಎಂದು ನನ್ನ ತಲೆ ಸವರುತ್ತಾರೆ. ಇಲ್ಲಿ ಯಾರೂ ಸವರುವುದಿಲ್ಲ. ನನಗೆ ಇಲ್ಲಿಯೇ ಇರಬೇಕಿತ್ತು.

ಗಿಡಕ್ಕೆ ಕಾವಲು ಕುಳಿತೆ. ಅಡುಗೆಮನೆಯ ಕಿಟಕಿಯಲ್ಲಿ ನಾನು, ಹೊಲಿಗೆ ಕೋಣೆಯ ಕಿಟಕಿಯಲ್ಲಿ ಅವರು. ಯಂತ್ರದ ಸದ್ದು ನಿಂತಾಗಲೆಲ್ಲ ನಾನು ಕತ್ತು ಚಾಚುತ್ತಿದ್ದೆ. ಅವರೂ ಚಾಚಿರುತ್ತಿದ್ದರು.

ಭಾನುವಾರ ಅಣ್ಣ ಬಂದಾಗ ನಾನು ಬಟ್ಟೆ ಜೋಡಿಸಿರಲಿಲ್ಲ. ಗಿಡದ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದೆ. ಆಗ ಕಂಡಿತು. ಜೇನ್ನೊಣದಂಥದ್ದು, ಒಂಟಿ. ಎಲೆಯ ಅಂಚನ್ನು ಕಾಲುಗಳಲ್ಲಿ ತಬ್ಬಿಕೊಂಡು ಬಾಯಿಂದ ಸುತ್ತು ಕತ್ತರಿಸಿತು. ತುಂಡನ್ನು ಹೊಟ್ಟೆಯಡಿ ಮಡಚಿಕೊಂಡು ಹಾರಿ, ಗಂಡ ಸುತ್ತಿಟ್ಟಿದ್ದ ನೀರಿನ ಪೈಪಿನೊಳಗೆ ನುಸುಳಿತು.

“ಅತ್ತೆ, ಬೇಗ ಬನ್ನಿ. ಕತ್ತರಿಸ್ತಿರೋದು ಜೇನ್ನೊಣ.”

“ನೊಣದ ಹತ್ರ ಕತ್ತರಿ ಎಲ್ಲಿಂದ ಬಂತೇ?” ಎನ್ನುತ್ತಲೇ ಬಂದರು. ಕನ್ನಡಕ ಸರಿಮಾಡಿಕೊಂಡು ಪಕ್ಕದಲ್ಲಿ ಕುಳಿತರು.

“ಈಗ ಇಬ್ರೂ ಶುರು ಹಚ್ಕೊಂಡ್ರಾ?” ಎಂದ ಅಣ್ಣ, ಬಾಗಿಲಲ್ಲೇ ನಿಂತು.

ನೊಣ ಬರಲಿಲ್ಲ. ಅತ್ತೆ ನನ್ನ ಮುಖ ನೋಡಿದರು, ಕೈ ನೋಡಿದರು. ನಾನು ಅವರ ಕೈ ನೋಡಿದೆ. ಅಣ್ಣ ಕಾರಿನ ಬೀಗದ ಕೈ ಆಡಿಸುತ್ತಿದ್ದ.

ಕೊನೆಗೆ ಬಂತು. ಅತ್ತೆಯ ಮೂಗಿನ ಮುಂದೆಯೇ ಒಂದು ಸುತ್ತು ಕತ್ತರಿಸಿಕೊಂಡು ಹೋಯಿತು.

“ಅಳತೆಯಿಲ್ಲ, ಗೆರೆಯಿಲ್ಲ,” ಎಂದು ಅತ್ತೆ ಪಿಸುಗುಟ್ಟಿದರು. ಪೈಪಿನಿಂದ ಕಣ್ಣು ತೆಗೆಯದೆ, “ಕತ್ತರಿಸ್ತಿರೋದು ನಾನೇ ಅಂತ ನೀನು ಅಂದ್ಕೊಂಡಿದ್ದೆ, ಅಲ್ವಾ?” ಎಂದರು.

“ಹೌದು.”

“ಭಲೇ ಸೊಸೆ.” ಎದ್ದು ಸೆರಗು ಕೊಡವಿದರು. “ನೀನು ಊಟ ಮುಗಿಸಿ ಹೊರಡಪ್ಪ,” ಎಂದು ಅಣ್ಣನಿಗೆ ಹೇಳಿದರು. “ಇವಳನ್ನ ಕಳಿಸೋಕೆ ಬೇರೆ ಕಾರಣ ಸಿಕ್ಕಾಗ ಫೋನ್ ಮಾಡ್ತೀನಿ.”

ತಮಾಷೆಯೋ ನಿಜವೋ, ಮುಖ ನೋಡಿ ಹೇಳಲಾಗಲಿಲ್ಲ. ನಾನು ತಟ್ಟೆ ಹಾಕಲು ಒಳಗೆ ಹೋದೆ.