ಇನ್ನೂ ಚೆಂಡು ಮುಟ್ಟದ ಕ್ಯೂ

ಎಲ್ಲಿಂದ ಶುರು ಮಾಡಲಿ? ಕೋಲಿನ ತುದಿಯಿಂದಲೋ, ಬುಡದಿಂದಲೋ?

ನಮ್ಮಜ್ಜಿಗೆ ಈ ಕಷ್ಟವೇ ಇರಲಿಲ್ಲ. "ಒಬ್ಬ ಬಡಗಿ ಇದ್ದ, ಅವನಿಗೊಬ್ಬಳು ಮಗಳು" ಅಂದುಬಿಡುತ್ತಿದ್ದಳು. ನಾವು ಹೂಂಗುಟ್ಟಿದರೆ ಕಥೆ ಮುಂದಕ್ಕೆ, ಹೂಂ ನಿಂತರೆ ಕಥೆಯೂ ನಮ್ಮ ಜೊತೆ ನಿದ್ದೆಗೆ. ನಾನೂ ಹಾಗೇ ಶುರು ಮಾಡಿ ನೋಡಿದೆ. ಬಡಗಿ ಚಂದನದ ಕೋಲು ಕೆತ್ತಿದ, ಕೋಲಿನೊಳಗೆ ಒಬ್ಬಳು ರಾಜಕುಮಾರಿ ಮಲಗಿದ್ದಳು ಅಂತ. ಅಷ್ಟರಲ್ಲಿ ಬಡಗಿಯ ಮಗಳು ಹಾಳೆಯಿಂದ ತಲೆಯೆತ್ತಿದಳು.

"ಚಂದನದಲ್ಲಿ ಯಾರು ಕ್ಯೂ ಮಾಡ್ತಾರೆ? ಮೇಪಲ್ ಮರ ಅಂತ ಬರಿ. ಆ ರಾಜಕುಮಾರಿಗೆ ಮಲಗೋಕೆ ಬೇರೆ ಜಾಗ ಸಿಗಲಿಲ್ವಾ?"

ಹರಿದು ಹಾಕಿದೆ.

೧

ಹಾಗಾದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಒಂದು ಪೂಲ್ ಹಾಲ್, ಬಟ್ಟೆ ಹೊದಿಸಿದ ಟೇಬಲ್ಲಿನ ಮೇಲೆ ಕ್ಯೂ ಅನ್ನುವ ಉದ್ದ ಕೋಲಿನಿಂದ ಚೆಂಡು ಹೊಡೆದು ಆಡುವ ಜಾಗ. ಆಟಗಾರರು ಬರುವುದಕ್ಕೆ ಇನ್ನೂ ಹೊತ್ತಿದೆ. ಅರ್ಧ ಎತ್ತಿದ ಶಟರ್ ಕೆಳಗಿಂದ ಮಧ್ಯಾಹ್ನದ ಬಿಸಿಲು ತೆವಳಿ ಬಂದು ಟೇಬಲ್ಲಿನ ಕಾಲಿಗೊರಗಿ ತೂಕಡಿಸುತ್ತಿದೆ. ಆ ಬಡಗಿಯ ಮಗಳು ಕೆಲಸ ಮಾಡುವುದು ಇಲ್ಲೇ. ಜನ ತಮ್ಮ ಕ್ಯೂಗಳನ್ನು ತಂದು ಅವಳ ಮುಂದಿಡುತ್ತಾರೆ. ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಸಿಗುವ ಮಾಲಲ್ಲ, ಯಾರೋ ಒಬ್ಬರು ತಿಂಗಳುಗಟ್ಟಲೆ ಕೂತು ಕೈಯಾರೆ ಮಾಡಿದಂಥವು. ಅವಳು ಎರಡು ಮಾತು ಹೇಳಬೇಕು: ಆಟಕ್ಕೆ ಹೇಗಿದೆ, ಮಾರಿದರೆ ಎಷ್ಟು ಬಂದೀತು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು 'ತಕ್ಕಡಿಯಕ್ಕ'.

ಮೊದಲು ಕ್ಯೂವನ್ನು ಟೇಬಲ್ ಮೇಲೆ ಉರುಳಿಸುತ್ತಾಳೆ. ಕೋಲಿಗೂ ಬಟ್ಟೆಗೂ ನಡುವೆ ಬೆಳಕಿನ ಎಳೆ ಕುಣಿದರೆ ಮರ ಬಾಗಿದೆ ಎಂದರ್ಥ. ಆಮೇಲೆ ಎರಡು ಬೆರಳಲ್ಲಿ ತೂಗುಬಿಟ್ಟು ಉಗುರಿನಿಂದ ತಟ್ಟಿ, ಮಡಕೆ ಕೊಳ್ಳುವವಳ ಹಾಗೆ ಕಿವಿಗೊಡುತ್ತಾಳೆ.

"ಇಷ್ಟು ಚೆಂದ ಇದೆ, ಚೆನ್ನಾಗಿ ಆಡಲ್ವಾ ಅಕ್ಕಾ?" ಅಂತ ನಿನ್ನೆಯೊಬ್ಬ ಗಿರಾಕಿ ಗೋಳಾಡಿದ.

"ಚೆಂದಕ್ಕೂ ಆಟಕ್ಕೂ ಏನು ಸಂಬಂಧ? ಮೀಸೆ ನೋಡಿ ಗಂಡನ್ನ ಒಪ್ಪಿದ ನಮ್ಮತ್ತೆನ ಕೇಳು, ಹೇಳ್ತಾಳೆ."

(ಈ ಜೋಕು ನನ್ನದಲ್ಲ. ಅವಳೇ ತಂದದ್ದು. ನನ್ನ ಪಾತ್ರಗಳು ನನಗಿಂತ ಚುರುಕು. ನಾನು ಕ್ಯೂ ಹಿಡಿದರೆ ಪೊರಕೆ ಹಿಡಿದ ಹಾಗಿರುತ್ತದೆ.)

೨

ಇವತ್ತು ಬಂದಿರುವ ಕ್ಯೂ ಮಾತ್ರ ಅವಳದೇ. ಅವಳ ಅಪ್ಪ ಮಾಡಿದ್ದು, ಅವನ ಕೈಯ ಕೊನೆಯ ಕ್ಯೂ. ಪೆಟ್ಟಿಗೆ ಸಮೇತ ಮಗಳ ಮಡಿಲಿಗಿಟ್ಟು "ಇಟ್ಕೋ" ಅಂದಿದ್ದ, ಅಷ್ಟೇ. ಹೋದ ವರ್ಷ ತೀರಿಕೊಂಡ. ಒಂದು ಕಾಲಕ್ಕೆ ಅವಳು ಊರೂರು ತಿರುಗಿ ಆಡಿದವಳು. ದೊಡ್ಡ ದೊಡ್ಡ ಆಟಗಾರರಿಗೆಲ್ಲ ಕ್ಯೂ ಮಾಡಿಕೊಟ್ಟ ಅಪ್ಪ ಅವಳ ಒಂದು ಮ್ಯಾಚಿಗೂ ಬಂದವನಲ್ಲ. ಈ ಕ್ಯೂವನ್ನು ಅವಳು ಇದುವರೆಗೂ ಚೆಂಡಿಗೆ ತಾಗಿಸಿಲ್ಲ. ಸಿಟ್ಟಿಗೋ ಸಂಕಟಕ್ಕೋ ಅಂತ ನಾನು ಕೇಳಿಲ್ಲ.

ಚಿಕ್ಕಪ್ಪ ಒಬ್ಬರನ್ನು ಕರೆತಂದಿದ್ದಾರೆ. ಚಿಕ್ಕಪ್ಪ ಅಂದರೆ ಅಪ್ಪನ ತಮ್ಮ, ಜೀವಮಾನವಿಡೀ ಅಣ್ಣನ ಪಕ್ಕದ ಲೇತಿನಲ್ಲಿ ಮರ ಕಡೆದವರು. ಜೊತೆಗಿರುವವರು ಗಾಜಿನ ಬೀರುವಿನವರು: ಅಪ್ಪನ ಕ್ಯೂಗಳನ್ನೆಲ್ಲ ಹುಡುಕಿ ಹುಡುಕಿ ಕೊಂಡು ಗಾಜಿನ ಹಿಂದೆ ಸಾಲಾಗಿ ನಿಲ್ಲಿಸಿದ್ದಾರೆ. ಸಾಲಿನ ಕೊನೆಗೆ ಇದೊಂದು ಬೇಕು. ಒಂದೇ ಷರತ್ತು, ಅದು ಚೆಂಡು ಮುಟ್ಟಿರಬಾರದು. ಈ ವ್ಯಾಪಾರದ ನಿಯಮವೇ ಹಾಗೆ. ಒಂದೇ ಒಂದು ಸಲ ಹೊಡೆದರೂ, ತುದಿ ಜಾರದಿರಲೆಂದು ಹಚ್ಚುವ ಚಾಕ್ ತಾಗಿದರೂ ಕ್ಯೂ ಹಳತಾಗುತ್ತದೆ, ಬೆಲೆ ಇಳಿಯುತ್ತದೆ. ಹೊಡೆಯದೆ ಆಟಕ್ಕೆ ಹೇಗಿದೆಯೆಂದು ತಿಳಿಯುವುದಿಲ್ಲ.

"ಬೀರುವಿನಲ್ಲಿದ್ರೆ ಅಣ್ಣನ ಹೆಸರು ನಾಕು ಜನ ಓದ್ತಾರೆ ಕಣಮ್ಮಾ. ನಿನ್ನ ಮಂಚದಡಿ ಇದ್ರೆ ಜಿರಳೆ ಓದುತ್ತೆ."

"ಜಿರಳೆನೂ ಅಪ್ಪನ ಅಭಿಮಾನಿನೇ, ಬಿಡಿ," ಅಂದಳು. ಆದರೂ ಪೆಟ್ಟಿಗೆ ತೆರೆದಳು.

೩

ಪರರ ಕ್ಯೂ ನೋಡುವಂತೆಯೇ ನೋಡಿದಳು. ಉರುಳಿಸಿದಳು, ನೇರವಿದೆ. ತಟ್ಟಿದಳು, ದನಿ ಒಡೆದಿಲ್ಲ. ಬುಡದ ಕಡೆ ಬಂದಾಗ ಬೆರಳು ನಿಂತಿತು. ಹಿಡಿಗೆಂದು ಸುತ್ತಿದ ನೂಲು ಇರಬೇಕಾದ ಜಾಗದಲ್ಲಿಲ್ಲ, ಒಂದು ಅಂಗೈಯಷ್ಟು ಮುಂದಿದೆ.

"ಚಿಕ್ಕಪ್ಪಾ, ಇದೇನು?"

ಚಿಕ್ಕಪ್ಪ ತಲೆ ತಗ್ಗಿಸಿದರು. "ಕೊನೆಕೊನೆಗೆ ಅಣ್ಣನ ಕಣ್ಣು ಮಂಜಾಗಿತ್ತಮ್ಮಾ. ಗೆರೆ ತಪ್ಪಿರಬೇಕು. ನಾನು ಬಾಯಿಬಿಟ್ಟು ಹೇಳಿದೆ, ಬೈಸಿಕೊಂಡೆ."

"ಪರವಾಗಿಲ್ಲ," ಅಂದರು ಬೀರುವಿನವರು. "ಗಾಜಿನೊಳಗೆ ಯಾರು ಹಿಡಿಯೋಕೆ ಹೋಗ್ತಾರೆ?"

ಚಿಕ್ಕಂದಿನಲ್ಲಿ ಉಯ್ಯಾಲೆಯಿಂದ ಬಿದ್ದ ಮೇಲೆ ಅವಳ ಬಲ ಮೊಣಕೈ ಪೂರ್ತಿ ಚಾಚುವುದಿಲ್ಲ. ಅದಕ್ಕೇ ಬೇರೆ ಯಾರೂ ಹಿಡಿಯದ ಜಾಗದಲ್ಲಿ, ಒಂದಿಷ್ಟು ಮುಂದೆ, ಕ್ಯೂ ಹಿಡಿಯುತ್ತಾಳೆ. ಮೊಣಕೈ ಸೊಟ್ಟಗಿರುವುದು ಮನೆಮಂದಿಗೆಲ್ಲ ಗೊತ್ತು. ಆದರೆ ಆಡುವಾಗ ಆ ಕೈ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದು ಅವಳ ಆಟ ನೋಡಿದವರಿಗೆ ಮಾತ್ರ ಗೊತ್ತು.

ಅಪ್ಪನ ಕಣ್ಣು ತಪ್ಪಿತ್ತೋ? ಇಲ್ಲಾ, ಯಾವುದೋ ಮ್ಯಾಚಿನ ಹಿಂದಿನ ಸಾಲಿನಲ್ಲಿ, ಮಗಳಿಗೆ ಕಾಣದ ಹಾಗೆ, ಆ ಕಣ್ಣು ಕೂತಿತ್ತೋ?

ಬೆರಳ ಮೇಲೆ ತೂಗಿ ನೋಡಿದಳು. ಭಾರ ಸ್ವಲ್ಪ ಮುಂದಕ್ಕಿದೆ. ಅದು ಮರದ ಸ್ವಂತ ಭಾರವೋ, ಬೇಕೆಂದೇ ಒಳಗಿಟ್ಟ ತೂಕವೋ, ಬೆರಳಿಗೆ ತಿಳಿಯದು. ಚೆಂಡಿಗೆ ಹೊಡೆದರೆ ತಿಳಿಯುತ್ತದೆ. ಗೆರೆ ತಪ್ಪಿದ್ದಾದರೆ ಆ ಹಿಡಿಯಲ್ಲಿ ಅಂಗೈ ಜುಂ ಅನ್ನುತ್ತದೆ. ಅವಳಿಗೆಂದೇ ಮಾಡಿದ್ದಾದರೆ ಕೈಗೆ ಏನೂ ಅನ್ನಿಸುವುದಿಲ್ಲ, ನೀರಿಗೆ ಬೆರಳಿಟ್ಟ ಹಾಗೆ.

೫

(ನಾಲ್ಕರಲ್ಲಿ ಅವಳು ಅಳುತ್ತಿದ್ದಳು. "ನಾನು ಯಾವಾಗ ಅತ್ತೆ?" ಅಂತ ಜಗಳಕ್ಕೆ ಬಂದಳು, ತೆಗೆದೆ.)

ಓದುಗರೇ, ನನ್ನ ಹತ್ತಿರ ಮೂರು ಮುಕ್ತಾಯಗಳಿವೆ.

ಮೊದಲನೆಯದು ಚಿಕ್ಕಪ್ಪನಿಗಾಗಿ. ಕ್ಯೂ ಬೀರುವಿಗೆ ಹೋಗುತ್ತದೆ. ಆಗಾಗ ಅವಳು ಹೋಗಿ ನಿಲ್ಲುತ್ತಾಳೆ. ಗಾಜಿನಲ್ಲಿ ಕ್ಯೂ ಕಾಣುತ್ತದೆ, ಅದರ ಮೇಲೆ ಅವಳದೇ ಮುಖ.

"ಸೀರಿಯಲ್ ಥರ ಇದೆ," ಅಂದಳು ತಕ್ಕಡಿಯಕ್ಕ.

ಎರಡನೆಯದು ನಮ್ಮಜ್ಜಿಗಾಗಿ. ಅವಳು ಹೊಡೆಯುತ್ತಾಳೆ. ಬಿಳಿ ಚೆಂಡು ಟೇಬಲ್ ಇಳಿದು, ಶಟರ್ ಕೆಳಗೆ ನುಸುಳಿ, ಬೀದಿಗೆ ಬೀಳುತ್ತದೆ. ಒದ್ದೆ ಬಟ್ಟೆ ಹರವಿದ ಹಗ್ಗಗಳ ಕೆಳಗೆ, ಮಲಗಿದ ನಾಯಿಯ ಕನಸಿನೊಳಗೆ ಹೊಕ್ಕು ಹೊರಬಂದು, ಉರುಳಿ ಉರುಳಿ, ಎಂದೋ ಮುಗಿದುಹೋದ ಒಂದು ಮ್ಯಾಚಿನ ಹಾಲ್‌ಗೆ ತಲುಪುತ್ತದೆ. ಹಿಂದಿನ ಸಾಲಿನಲ್ಲಿ ಟೋಪಿ ಮುಖಕ್ಕೆಳೆದುಕೊಂಡು ಕೂತವನೊಬ್ಬ ಅದನ್ನು ಕಾಲಿನಿಂದ ಮೆಲ್ಲಗೆ ತಡೆಯುತ್ತಾನೆ.

ಅವಳು ಅದನ್ನು ಎರಡು ಸಲ ಓದಿದಳು. "ಚೆನ್ನಾಗಿದೆ. ಆದ್ರೆ ನಂಬೋಕಾಗಲ್ಲ."

"ಕಥೆ ಅಲ್ವಾ ಅಕ್ಕಾ?"

"ಅದಕ್ಕೇ. ನೋಡೋಕೆ ಚೆಂದ, ಆಡೋಕೆ ಬರಲ್ಲ."

ಮೂರನೆಯದು ಯಾರಿಗಾಗಿಯೂ ಅಲ್ಲ. ಹೊಡೆಯುತ್ತಾಳೆ, ಅಂಗೈ ಜುಂ ಅನ್ನುತ್ತದೆ. ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ, ಅಷ್ಟೇ. ಬರೆದು ನನಗೇ ನಾಚಿಕೆಯಾಗಿ ಹೊಡೆದುಹಾಕಲು ಹೋದೆ.

"ಅದನ್ನ ಅಳಿಸಬೇಡ," ಅಂದಳು. "ಅದೂ ಇರಲಿ."

೬

ಇಷ್ಟಾಗಿ ನಾನು ಬರೆಯದ ಒಂದು ಕೆಲಸ ಮಾಡಿದಳು. ಟೇಬಲ್ಲಿನ ಅಂಚಿನಿಂದ ಚಾಕ್ ತೆಗೆದುಕೊಂಡಳು.

"ಅಯ್ಯೋ, ಬೇಡಮ್ಮಾ! ಚಾಕ್ ಹಚ್ಚಬೇಡ!" ಚಿಕ್ಕಪ್ಪ ಕೂಗಿದರು.

ಹಚ್ಚಿದಳು. ಕ್ಯೂವಿನ ತುದಿಯ ಚರ್ಮಕ್ಕೆ ಮೊದಲ ನೀಲಿ ಅಂಟಿತು. ಬೀರುವಿನವರು ಎದ್ದು ನಿಂತು, ತಮ್ಮ ಚೀಲದ ಜಿಪ್ ಎಳೆದರು. ಕೋಪವೇನಿರಲಿಲ್ಲ, ದುಃಖವಿತ್ತು. "ಇನ್ನು ಇದು ಬರೀ ಕ್ಯೂ," ಅಂದರು.

"ಅಪ್ಪ ಮಾಡಿದ್ದೂ ಅದನ್ನೇ."

ಅವರು ಬಗ್ಗಿ ಶಟರ್ ದಾಟಿ ಹೋದರು. ಚಿಕ್ಕಪ್ಪ ಕುಸಿದು ಕೂತರು. "ಸಾಲು ಅರ್ಧಕ್ಕೇ ನಿಂತುಹೋಯ್ತಲ್ಲೇ. ಈಗ ಹೊಡೆದು, ಅಣ್ಣನದೇ ತಪ್ಪು ಅಂತಾದ್ರೆ?"

"ತಪ್ಪಾದ್ರೆ ನಮ್ಮಪ್ಪನ ತಪ್ಪು ನನ್ನ ಹತ್ರ ಇರುತ್ತೆ. ಊರವರ ಬೀರುವಿನಲ್ಲಿ ಯಾಕಿರಬೇಕು?"

ಬಿಳಿ ಚೆಂಡನ್ನು ಬಟ್ಟೆಯ ಮೇಲಿಟ್ಟು ಬಗ್ಗಿದಳು. ಎಡಗೈ ಚಪ್ಪಟೆಯಾಗಿ ಕೂತಿತು. ಬಲಗೈ, ಯಾರೂ ಹೇಳಿಕೊಡದೆ, ನೂಲಿನ ಮೇಲೆ ಹೋಗಿ ಕೂತಿತು. ಕೈ ಕೂತರೆ ಸಾಲದು, ತಪ್ಪಿಗೂ ಒಮ್ಮೊಮ್ಮೆ ಅದೃಷ್ಟವಿರುತ್ತದೆ. ಕ್ಯೂ ಚೆಂಡಿನವರೆಗೆ ಹೋಗಿ, ಕೂದಲೆಳೆಯಷ್ಟು ದೂರದಲ್ಲಿ ನಿಂತು, ಹಿಂದೆ ಬಂತು. ಮತ್ತೆ ಹೋಯಿತು, ಬಂತು. ಬಿಸಿಲು ಟೇಬಲ್ಲಿನ ಕಾಲು ಬಿಟ್ಟು ಎಚ್ಚರಗೊಂಡಿತು.

ನಾನು ಪೆನ್ನೆತ್ತಿದೆ.

"ನೀನು ಹೊರಗೆ ಹೋಗು," ಅಂದಳು, ಚೆಂಡಿನಿಂದ ಕಣ್ಣು ತೆಗೆಯದೆ.

"ಓದುವವರು ಕೇಳ್ತಾರಲ್ಲ ಅಕ್ಕಾ. ಏನಂತ ಹೇಳಲಿ?"

"ಅವರವರ ಅಪ್ಪ ಮಾಡಿಟ್ಟದ್ದನ್ನ ಅವರವರು ಹೊಡೆದು ನೋಡ್ಕೊಳ್ಳಲಿ."

ಚಿಕ್ಕಪ್ಪ ಎದ್ದು ನನ್ನ ತೋಳು ಹಿಡಿದು ಆಚೆ ತಂದರು, ಶಟರ್ ಪೂರ್ತಿ ಇಳಿಸಿದರು. "ಕಿವಿ ಮುಚ್ಕೋ ಮಗಾ," ಅಂದರು. ಪೆನ್ನು ಕೆಳಗಿಟ್ಟು ಎರಡೂ ಕೈಯಿಂದ ಮುಚ್ಚಿಕೊಂಡೆ.

ಅವರು ಮುಚ್ಚಿಕೊಳ್ಳಲಿಲ್ಲ. ಇಷ್ಟು ವರ್ಷ ಕ್ಯೂ ಮಾಡಿದವರು, ಗೆರೆ ತಪ್ಪಿತ್ತೋ ಇಲ್ಲವೋ ತಿಳಿಯಲು ಅವರಿಗೆ ಸದ್ದೊಂದೇ ಸಾಕು. ಶಟರಿಗೆ ಕಿವಿಯಾನಿಸಿ ನಿಂತಿದ್ದಾರೆ. ನಾನು ಅವರ ಮುಖವನ್ನೇ ನೋಡುತ್ತಿದ್ದೇನೆ.