ಒಂದೇ ಬಕೆಟ್ಟಿನ ಮನೆ

“ದರಿದ್ರದವಳೇ, ನಿನ್ನ ಕೊಳಕು ಕೈಯಿಂದಾನೇ ಮಗೂಗೆ ಭೇದಿ ಹತ್ಕೊಂಡಿದ್ದು! ಇನ್ಮೇಲೆ ಅವನನ್ನ ಮುಟ್ಟಿದ್ರೆ ಕೆಲಸ ಬಿಟ್ಟು ನಡಿ.”

ನಾನು ಹಾಲ್ ಒರೆಸುತ್ತಿದ್ದೆ. ಅಮ್ಮಾವ್ರು ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತಿದ್ದರು. ಹತ್ತು ತಿಂಗಳ ಗುಂಡ ಅವನು. ನೆಲಕ್ಕೆ ಬಿಟ್ಟರೆ ಮನೆಯೆಲ್ಲ ಅಂಬೆಗಾಲಿಟ್ಟು, ಆಮೇಲೆ ಕೂತು ಕೈ ಚೀಪುತ್ತಾನೆ. ನನ್ನನ್ನು ಕಂಡರೆ ಎತ್ತಿಕೋ ಅಂತ ಹಾರುತ್ತಾನೆ. ಅವನನ್ನೇ ಮುಟ್ಟಬಾರದಂತೆ.

ಈ ಮನೆಯ ಕಾನೂನು ಕೇಳಿ. ಇಡೀ ಮನೆಗೆ ಒಂದೇ ಬಕೆಟ್ ನೀರು, ಒಂದು ಮುಚ್ಚಳ ಫಿನಾಯಿಲ್. ಬಚ್ಚಲಿನಿಂದ ಶುರುಮಾಡಿ ಹಾಲಿಗೆ ಬರಬೇಕು, ಆಗ ಕೊಳೆ ತಾನಾಗಿ ಮುಂಬಾಗಿಲು ದಾಟುತ್ತದಂತೆ. ಘಮ್ ಅಂದರೆ ಶುದ್ಧ. ನೀರು ಬದಲಾಯಿಸೋಣ ಅಂತ ಹೇಳಿ ಹೇಳಿ ನನಗೇ ಸಾಕಾಗಿತ್ತು.

ಬಕೆಟ್ ತಂದು ಅವರ ಮುಂದಿಟ್ಟೆ.

“ಅಮ್ಮಾ, ಇದ್ರಲ್ಲಿ ಒಂದ್ಸಲ ಕೈ ಹಾಕಿ.”

“ಥೂ! ಬಚ್ಚಲು ಒರೆಸಿದ ನೀರು ಕಣೇ ಅದು. ತಲೆಗಿಲೆ ಕೆಟ್ಟಿದ್ಯಾ?”

“ಹಾಲ್ ಒರೆಸಿದ್ದೂ ಇದ್ರಲ್ಲೇ. ಗುಂಡ ಕೈಯೂರೋದೂ ಇದ್ರ ಮೇಲೇ.”

ಅಮ್ಮಾವ್ರು ಬಕೆಟ್ ನೋಡಿದರು, ಗುಂಡ ಚೀಪುತ್ತಿದ್ದ ಕೈಯನ್ನು ಬಾಯಿಂದ ಎಳೆದರು. ಸುಳ್ಳು ಯಾಕೆ, ನನಗೆ ಒಳಗೊಳಗೇ ಖುಷಿಯಾಯಿತು.

“ಎದುರು ಮಾತಾಡ್ತೀಯೇನೇ ಮುಂಡೇದೇ? ನಾಳೆಯಿಂದ ಬರ್ಬೇಡ!”

“ಆಯ್ತು. ಇವತ್ತಿಂದು ನೆಟ್ಟಗೆ ಮುಗಿಸ್ಬಿಟ್ಟು ಹೋಗ್ತೀನಿ.”

ಆ ನೀರನ್ನು ಬಚ್ಚಲಿಗೆ ಸುರಿದು, ಬಟ್ಟೆಗೆ ಸೋಪು ಹಾಕಿ ಉಜ್ಜಿದೆ. ಎರಡು ಬಕೆಟ್ ತುಂಬಿಸಿದೆ, ಒಂದು ಕೊಳೆ ಬಟ್ಟೆ ಜಾಲಿಸಲು, ಒಂದು ಫಿನಾಯಿಲ್ ಹಾಕಿ ಅದ್ದಲು. ಒಳಗಿನ ಗೋಡೆಯಿಂದ ಹಿಡಿದು, ಗಟ್ಟಿಯಾಗಿ ಹಿಂಡಿ ಹಿಂಡಿ, ಹಿಂದೆ ಹಿಂದೆ ಸರಿಯುತ್ತ ಹಾಲ್ ಒರೆಸಿದೆ. ಐದು ಸಲ ನೀರು ಬದಲಾಯಿಸಿದೆ. ಕೊನೆಯ ಸಲ ಬರೀ ನೀರಲ್ಲೇ ಒರೆಸಿ ಹೊಸ್ತಿಲಿಗೆ ಬಂದೆ. ಸುತ್ತ ಒದ್ದೆ ನೆಲ, ನಡುವೆ ಸೋಫಾ, ಸೋಫಾದ ಮೇಲೆ ಅಮ್ಮಾವ್ರು.

“ಒಣಗೋ ತನಕ ಇಳೀಬೇಡಿ, ಜಾರ್ತೀರ.”

“ಫ್ಯಾನಾದ್ರೂ ಹಾಕೇ!”

“ಸ್ವಿಚ್ಚು ಒಳಗಿದೆ. ನಾನೂ ತುಳಿಯೋ ಹಾಗಿಲ್ವಲ್ಲ.”

ಹೊರಗಿನ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆದೆ. ವಾಪಸ್ಸು ಬರುವಷ್ಟರಲ್ಲಿ ಗುಂಡ ತೊಡೆಯಿಂದ ಜಾರಿ, ಪಟಪಟನೆ ನೆಲ ಬಡಿಯುತ್ತ ನನ್ನತ್ತ ಬರುತ್ತಿದ್ದ.

“ಮುಟ್ಟೀಯಾ, ಜೋಕೆ!”

ಎತ್ತಿಕೊಂಡೆ. ಅವನ ಎರಡೂ ಅಂಗೈ ಬಿಡಿಸಿ ಅವರ ಕಡೆ ಹಿಡಿದು ತೋರಿಸಿದೆ. ಕೊಳೆಯ ಒಂದು ಗೆರೆಯೂ ಇರಲಿಲ್ಲ.

“ಕೊಡೇ ಇಲ್ಲಿ ಮಗೂನ!”

“ಬಂದು ಇಸ್ಕೊಳಿ ಅಮ್ಮಾ.”

ಅಮ್ಮಾವ್ರು ಒಂದು ಕಾಲು ಕೆಳಗಿಟ್ಟರು. ನೆಲ ನೋಡಿದರು, ನನ್ನನ್ನು ನೋಡಿದರು, ಕಾಲು ಮೇಲೆಳೆದುಕೊಂಡರು.