ಹರಿಯದ ಟೇಪು

ಅಲ್ಮೀಡಾ ಶೂಪ್ ಆ ಮಂಗಳವಾರ ಡ್ವೇನ್ ಯೋಸ್ಟನ ಗ್ಯಾರೇಜಿಗೆ ಹೋದದ್ದು ತನ್ನ ಹಳೇ ಪಿಕಪ್ ಗಾಡಿಯ ವರ್ಷದ ತಪಾಸಣೆ ಮುಗಿಸಿ, ಗಾಜಿಗೆ ಹೊಸ ಚೀಟಿ ಅಂಟಿಸಿಕೊಂಡು ಬರೋಣವೆಂದು. ಜಗಳಕ್ಕೆಂದು ಹೋದವಳಲ್ಲ. ಜಗಳವೇ ಅವನ ಕಪಾಟಿನಲ್ಲಿ ಕೂತು ಅವಳಿಗಾಗಿ ಕಾಯುತ್ತಿತ್ತು.

ಡ್ವೇನ್ ಗಾಡಿಯ ಕೆಳಗೆ ಮಲಗಿ ಏನನ್ನೋ ಬಡಿಯುತ್ತಿದ್ದ. ಅವನು ಕೊಟ್ಟ ಕಾಫಿಯಲ್ಲಿ ಅರ್ಧ ಅವಳ ಕೈನಡುಕಕ್ಕೆ ನೆಲದ ಪಾಲಾಗಿತ್ತು. ಒರೆಸಲು ಬಟ್ಟೆ ಹುಡುಕುತ್ತ ಅವಳು ಗೋಡೆಯ ಕಪಾಟು ತೆಗೆದಳು. ಬಟ್ಟೆ ಸಿಗಲಿಲ್ಲ. ಸಿಕ್ಕಿದ್ದು ಹನ್ನೆರಡು ರಟ್ಟಿನ ಡಬ್ಬಿಗಳು, ಒಂದರ ಮೇಲೊಂದು ನೀಟಾಗಿ ಜೋಡಿಸಿಟ್ಟದ್ದು. ಪ್ರತಿಯೊಂದರ ಮುಚ್ಚಳದ ಅಂಚಿಗೂ ಕಂದು ಕಾಗದದ ಟೇಪು, ಟೇಪಿನ ಮೇಲೆ ನೇರಳೆ ಪೆನ್ಸಿಲಿನಲ್ಲಿ ತಿಂಗಳು, ವರ್ಷ ಮತ್ತು ಅವಳದೇ ಸಹಿ. ಹನ್ನೆರಡರಲ್ಲಿ ಒಂದರ ಟೇಪೂ ಹರಿದಿರಲಿಲ್ಲ.

ಮೂವತ್ತೊಂದು ವರ್ಷದಿಂದ ಅಲ್ಮೀಡಾ ಮನೆಯಲ್ಲೇ ಕೋವಿಯ ಗುಂಡು ಮಾಡಿ, ಇಂಥ ಡಬ್ಬಿಗಳಲ್ಲಿ ತುಂಬಿ ಮಾರುತ್ತಿದ್ದಳು. ಸೀಸ ಕರಗಿಸಿ ಎರಕ ಹೊಯ್ದ ಗುಂಡಲ್ಲ, ಒತ್ತಿ ಮಾಡಿದ ಗುಂಡು. ಬೆರಳ ತುದಿಗಿಂತ ಸಣ್ಣದಾದ ತಾಮ್ರದ ಲೋಟ, ಅದರೊಳಗೊಂದು ಸೀಸದ ತುಂಡು, ಮೇಲೆ ತೆಳ್ಳಗೆ ಸವರಿದ ಕುರಿಯುಣ್ಣೆಯ ಜಿಡ್ಡು. ಬಟ್ಟೆ ಒಗೆಯುವ ಕೋಣೆಯಲ್ಲಿ ಬಿಗಿದಿಟ್ಟ ಪ್ರೆಸ್ಸಿನ ಹಿಡಿ ಎಳೆದರೆ, ಉಕ್ಕಿನ ಅಚ್ಚಿನೊಳಗೆ ಸೀಸ ಹಿಗ್ಗಿ ತಾಮ್ರಕ್ಕೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ಅಚ್ಚಿನಲ್ಲಿ ಅದಕ್ಕೆ ಮೂಗು ಬರುತ್ತದೆ. ಈ ಗುಂಡು ಜಿಂಕೆಗಲ್ಲ, ಯಾರ ಮೈಗೂ ಅಲ್ಲ. ನೂರು ಗಜ ದೂರದ ಕಾಗದದಲ್ಲಿ ಐದು ಗುಂಡೂ ಒಂದೇ ತೂತಿನಲ್ಲಿ ಹಾಯಬೇಕು, ಅಷ್ಟೇ ಊರಿನ ಗುರಿ ಹೊಡೆಯುವ ಕ್ಲಬ್ಬಿನವರ ಹುಚ್ಚು. ಆ ಹುಚ್ಚಿಗೆ ಮದ್ದು ಅಲ್ಮೀಡಾಳ ಒಗೆಯುವ ಕೋಣೆಯಿಂದ ಹೋಗುತ್ತಿತ್ತು.

ಸ್ಪರ್ಧೆಯ ದಿನ ಪ್ರತಿಯೊಬ್ಬನೂ ಒಂದು ಚೀಟಿ ತುಂಬಬೇಕು. ಕೋವಿ ಯಾರು ಮಾಡಿದ್ದು, ನಳಿಗೆ ಯಾರು ಮಾಡಿದ್ದು, ಗುಂಡು ಯಾರು ಮಾಡಿದ್ದು. ಆಮೇಲೆ ಅದೆಲ್ಲ ಪಟ್ಟಿಯಾಗಿ ಕ್ಲಬ್ಬಿನ ಗೋಡೆಗೆ ಬರುತ್ತದೆ. ಹೋದ ಆಗಸ್ಟಿನಲ್ಲಿ ಡ್ವೇನ್ ಕಪ್ ಗೆದ್ದಾಗ ಅವನ ಹೆಸರಿನ ಮುಂದೆ 'ಗುಂಡು: ಶೂಪ್' ಎಂದಿತ್ತು. ಅಲ್ಮೀಡಾ ಅದರದೊಂದು ಪ್ರತಿ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಳು. ಹಾಲು ತೆಗೆಯಲು ಹೋದಾಗಲೆಲ್ಲ ಒಮ್ಮೆ ಓದುತ್ತಿದ್ದಳು. ಎಪ್ಪತ್ಮೂರರ ವಯಸ್ಸಿನಲ್ಲಿ ಅಷ್ಟು ಜಂಬ ಪಡಲು ಅವಳಿಗೆ ಹಕ್ಕಿತ್ತೆಂದೇ ನನ್ನ ಲೆಕ್ಕ.

"ಡ್ವೇನ್, ಹೊರಗೆ ಬಾ," ಎಂದಳು.

"ಎರಡೇ ನಿಮಿಷ, ಮಿಸೆಸ್ ಶೂಪ್. ಬ್ರೇಕ್ ನೋಡ್ತಿದೀನಿ."

"ಬ್ರೇಕು ಎಲ್ಲಿಗೂ ಓಡಿಹೋಗಲ್ಲ. ನೀನೂ ಓಡಬೇಡ. ಬಾ."

ಡ್ವೇನ್ ಬಂದ. ತೆರೆದ ಕಪಾಟು ನೋಡಿದ. ಐವತ್ತೆಂಟು ವರ್ಷದ, ಬಾಗಿಲಿನಷ್ಟು ಅಗಲದ ಗಂಡಸು ಆಗಲೇ ಒರೆಸಿಕೊಂಡಿದ್ದ ಕೈಯನ್ನು ಮತ್ತೆ ಒರೆಸತೊಡಗಿದ.

"ಈ ಟೇಪು ಯಾಕೋ ಹರಿದಿಲ್ಲ?"

"ಅದು... ಕೂಡಿಟ್ಟಿದ್ದೆ. ದೊಡ್ಡ ಸ್ಪರ್ಧೆಗೆ ಅಂತ."

"ಎರಡು ವರ್ಷದಿಂದ ದೊಡ್ಡ ಸ್ಪರ್ಧೆ ಬಂದೇ ಇಲ್ವಾ? ಆಗಸ್ಟಲ್ಲಿ ಕಪ್ ತಗೊಂಡ್ಯಲ್ಲ, ಅದು ಯಾರ ಗುಂಡಲ್ಲಿ?"

ಡ್ವೇನ್ ಗಾಡಿಯ ಚಕ್ರವನ್ನು ನೋಡುತ್ತ ನಿಂತ. "ಟೆಕ್ಸಾಸಲ್ಲಿ ಒಬ್ಬ ಮಾಡ್ತಾನೆ. ಅವನ ಹತ್ರ ತರಿಸ್ತೀನಿ."

"ಚೀಟೀಲಿ ಶೂಪ್ ಅಂತ ಬರೆದಿದ್ದೆ."

"ನಿಮಗೆ ಬೇಜಾರಾಗಬಾರದು ಅಂತ ಬರೆದೆ, ಮಿಸೆಸ್ ಶೂಪ್. ಚರ್ಚಿನ ಊಟದ ದಿನ ಸೂಪಿನ ಪಾತ್ರೆ ಕೈಜಾರಿ ಬಿತ್ತಲ್ಲ ನಿಮ್ದು, ಅವತ್ತಿಂದ ನಮಗೆಲ್ಲ... ನಾನೊಬ್ಬನೇ ಅಲ್ಲ. ಎಲ್ಲರೂ ಹಾಗೇ."

ಎಲ್ಲರೂ. ಎರಡು ವರ್ಷ ಇಡೀ ಕ್ಲಬ್ಬು ಅವಳ ಗುಂಡು ಕೊಂಡು, ಕಪಾಟಿನಲ್ಲಿಟ್ಟು, ಅವಳನ್ನು ಕಂಡಾಗ ಟೋಪಿ ಎತ್ತಿತ್ತು. ಬೈದಿದ್ದರೆ ವಾಸಿ ಇತ್ತು.

"ಒಂದಾದ್ರೂ ಹೊಡೆದು ನೋಡಿದ್ಯಾ?" ಎಂದಳು.

"ಇಲ್ಲ."

"ಹೊಡೆದು ನೋಡಿ ಕೆಟ್ಟದ್ದು ಅಂದಿದ್ರೆ ಸುಮ್ಮನಿರ್ತಿದ್ದೆ ಕಣೋ. ಅಚ್ಚು ತೊಳೆದು, ಎಣ್ಣೆ ಸವರಿ, ಕಟ್ಟಿಡ್ತಿದ್ದೆ. ನೀನು ಗುಂಡು ನೋಡಲಿಲ್ಲ. ನನ್ನ ಕೈ ನೋಡಿದೆ."

"ನಾಳೆ ಇಲ್ಲೇ ಹಿತ್ತಲ ಹೊಲದಲ್ಲಿ ನಾವಿಬ್ಬರೇ ಹೊಡೆದು ನೋಡೋಣ. ಯಾರಿಗೂ ಹೇಳೋದು ಬೇಡ."

"ಸುಳ್ಳು ಗೋಡೆ ಮೇಲೆ, ನಿಜ ಮಾತ್ರ ಹಿತ್ತಲಲ್ಲೇನೋ? ಶನಿವಾರ ಸ್ಪರ್ಧೆ ಇದೆಯಲ್ಲ. ನಾನೇ ಹೊಡೀತೀನಿ."

"ನೀವಾ? ನೀವು ಗುರಿ ಹೊಡೆಯೋಕೆ ಬೆಂಚಿಗೆ ಕೂರದೆ ಆರು ವರ್ಷ ಆಯ್ತು."

"ನಿನ್ನ ಕೈಗೆ ಕೊಟ್ರೆ ಅದೂ ಕರುಣೆಗೆ ಹೊಡೆದದ್ದೇ ಆಗುತ್ತೆ. ನನಗೆ ಬೇಡ."

ಅವಳು ಮೇಲಿನ ಡಬ್ಬಿ ತೆಗೆದುಕೊಂಡಳು. ಹೋದ ತಿಂಗಳಿನದು, ಕೈ ಅತಿ ಹೆಚ್ಚು ನಡುಗುತ್ತಿದ್ದಾಗ ಮಾಡಿದ್ದು. ಬೇಕೆಂದೇ ಅದನ್ನೇ ಆರಿಸಿದಳು. ಉಳಿದ ಹನ್ನೊಂದನ್ನು ಅಲ್ಲೇ ಬಿಟ್ಟಳು. ಕಪಾಟಿನ ಬಾಗಿಲು ಎಳೆದ ರಭಸಕ್ಕೆ ಮೇಲಿದ್ದ ಕ್ಯಾಲೆಂಡರ್ ಕೆಳಗೆ ಬಿತ್ತು. ಅವಳು ಎತ್ತಿಡಲಿಲ್ಲ.

ಮನೆಗೆ ಬಂದಮೇಲೆ ಸಿಟ್ಟು ಇಳಿಯಿತು, ಭಯ ಏರಿತು. ನಿಜ ಹೇಳಬೇಕೆಂದರೆ ಅವಳಿಗೂ ಗೊತ್ತಿರಲಿಲ್ಲ. ಎರಡು ವರ್ಷದಿಂದ ತನ್ನ ಗುಂಡು ಗೆಲ್ಲುತ್ತಿದೆಯೆಂದು ನಂಬಿದ್ದಕ್ಕೆ ಇದ್ದ ಸಾಕ್ಷಿಯೆಲ್ಲ ಟೆಕ್ಸಾಸಿನವನ ಗುಂಡಿನದು. ಕ್ಲಬ್ಬಿನವರು ಬಾಯಿಬಿಟ್ಟು ಹೇಳದೆ ಮನಸ್ಸಲ್ಲೇ ಇಟ್ಟುಕೊಂಡದ್ದೇ ನಿಜವಾಗಿದ್ದರೆ? ಡ್ವೇನ್ ದಡ್ಡನಲ್ಲ. ಕೈ ನಡುಗುವವಳ ಕೆಲಸ ನಡುಗಿರುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಅವಳೇ ಬೇರೆ ಯಾರನ್ನಾದರೂ ನೋಡಿದ್ದರೆ ಹಾಗೇ ಅಂದುಕೊಳ್ಳುತ್ತಿದ್ದಳು.

ಒಗೆಯುವ ಕೋಣೆಗೆ ಹೋಗಿ ಪ್ರೆಸ್ಸಿನ ಮುಂದೆ ಕೂತಳು. ತಾಮ್ರದ ಲೋಟ ಎತ್ತುವಾಗ ಬೆರಳು ಕುಣಿಯಿತು. ಮೊದಲನೆಯದು ಕೈಯಿಂದ ಹಾರಿ ಒಗೆಯುವ ಯಂತ್ರದ ಹಿಂದೆ ಬಿತ್ತು. ಎರಡನೆಯದನ್ನು ಅಚ್ಚಿನ ಬಾಯಿಗೆ ಸೇರಿಸಲು ಮೂರು ಸಲ ಪ್ರಯತ್ನಿಸಬೇಕಾಯಿತು. ಆದರೆ ಹಿಡಿಗೆ ಕೈ ಹಾಕಿ ಮೈಭಾರ ಬಿಟ್ಟು ಎಳೆದಾಗ ನಡುಕ ನಿಂತೇಹೋಯಿತು. ಸೀಸ ಮೂಲೆಮೂಲೆಗೂ ತುಂಬಿದಾಗ ಹಿಡಿಯಲ್ಲಿ ಒಂದು ತಡೆ ಬರುತ್ತದೆ. ಅಷ್ಟಕ್ಕೆ ನಿಲ್ಲಿಸಬೇಕು. ಇನ್ನೂ ಒತ್ತಿದರೆ ಅಚ್ಚಿಗೆ ಕುತ್ತು, ಕಡಿಮೆಯಾದರೆ ಗುಂಡು ಟೊಳ್ಳು. ಆ ತಡೆ ಅವಳ ಅಂಗೈಗೆ ಮೊದಲಿನಂತೆಯೇ ತಿಳಿಯಿತು. ಇಪ್ಪತ್ತು ಗುಂಡು ಒತ್ತಿದಳು, ಇಪ್ಪತ್ತು ಸಲವೂ ತಿಳಿಯಿತು. ತಕ್ಕಡಿಗಿಟ್ಟರೆ ಮುಳ್ಳು ಒಂದೇ ಕಡೆ ನಿಂತಿತು.

ಆದರೂ ಮುದುಕರ ಅಂಗೈ ತನಗೆ ಬೇಕಾದದ್ದನ್ನೇ ಹೇಳುತ್ತದೆಂದು ಅವಳಿಗೆ ಗೊತ್ತಿತ್ತು. ತಕ್ಕಡಿ ತೂಕ ಮಾತ್ರ ಹೇಳುತ್ತದೆ. ಉಳಿದದ್ದನ್ನು ಕಾಗದವೇ ಹೇಳಬೇಕು.

ಶನಿವಾರ ಬೆಳಿಗ್ಗೆ ಕ್ಲಬ್ಬಿನಲ್ಲಿ ಇಪ್ಪತ್ತೆರಡು ಜನ ಸೇರಿದ್ದರು. ಬೀಟ್‌ರೂಟ್ ನೀರಲ್ಲಿ ನೆನೆಸಿದ ಮೊಟ್ಟೆಯ ಜಾಡಿ, ಹ್ಯಾಮ್ ಸ್ಯಾಂಡ್‌ವಿಚ್, ಎಂದಿನ ಗದ್ದಲ. ಅಲ್ಮೀಡಾ ಕೋವಿಯ ಪೆಟ್ಟಿಗೆ ಎಳೆದುಕೊಂಡು ಒಳಗೆ ಬಂದಾಗ ಗದ್ದಲ ತಗ್ಗಿತು. ಡ್ವೇನ್ ಆಗಲೇ ಬಾಯಿಬಿಟ್ಟಿದ್ದನೆಂದು ಎಲ್ಲರ ಮುಖವೂ ಹೇಳುತ್ತಿತ್ತು.

ಅವಳು ನೇರ ಗೋಡೆಯ ಬಳಿ ಹೋದಳು. ಆಗಸ್ಟಿನ ಪಟ್ಟಿಯಲ್ಲಿ ಡ್ವೇನನ ಸಾಲಿನ 'ಶೂಪ್' ಎಂಬುದರ ಮೇಲೆ ನೇರಳೆ ಪೆನ್ಸಿಲಿನಿಂದ ಗೀಟು ಎಳೆದಳು. ಅದರ ಪಕ್ಕದ ಪಟ್ಟಿಗಳಲ್ಲೂ ಎಳೆದಳು, ಒಂದೊಂದಾಗಿ, ಎರಡು ವರ್ಷದ್ದು.

ಮೈದಾನದ ಉಸ್ತುವಾರಿ ಮರ್ಲ್ ಬಿಕ್ಸ್ಲರ್ ಅವಳ ಓರಗೆಯವನು, ಕಾಲುಚೀಲದ ಕಾರ್ಖಾನೆಯಲ್ಲಿ ಅವಳ ಜೊತೆಗೇ ದುಡಿದವನು. ಅವನು ಓಡಿಬಂದ. "ಏನು ಮಾಡ್ತಿದೀಯ, ಅಲ್ಮೀಡಾ? ಅದು ದಾಖಲೆ."

"ಸುಳ್ಳು ದಾಖಲೆ. ನನ್ನದಲ್ಲದ ಗೆಲುವು ನನಗೆ ಬೇಡ, ಮರ್ಲ್. ನನ್ನ ಚೀಟಿ ಕೊಡು."

"ಕೊಡು, ನಾನೇ ಬರೀತೀನಿ. ನಿನ್ನ ಕೈ..."

"ನನ್ನ ಕೈ ನನ್ನ ಹತ್ರಾನೇ ಇದೆ."

ಚೀಟಿಯಲ್ಲೂ ಐದು ಗುರಿಹಾಳೆಗಳ ಮೂಲೆಯಲ್ಲೂ ಅವಳೇ ಹೆಸರು ಬರೆದಳು. ಬರೆಯಲು ಎಷ್ಟು ಹೊತ್ತು ಹಿಡಿಯಿತೆಂದರೆ, ಹಿಂದಿದ್ದವರು ಚಾವಣಿ ನೋಡುತ್ತ ನಿಂತರು. ಅಕ್ಷರಗಳು ಇರುವೆ ಸಾಲಿನಂತೆ ಸೊಟ್ಟಂಬಟ್ಟ ಹೋದವು. ಗುಂಡಿನ ಅಂಕಣದಲ್ಲಿ ಮಾತ್ರ ಒತ್ತಿ ಬರೆದಳು: ಶೂಪ್.

ಬೆಂಚಿಗೆ ಕೂತು ಅವಳು ಡಬ್ಬಿ ಹೊರತೆಗೆದಳು. "ಡ್ವೇನ್, ಇಲ್ಲಿ ಬಾ. ಟೇಪು ಸರಿಯಿದೆಯಾ ನೋಡಿ ಹೇಳು."

"ಇದೆ, ಮಿಸೆಸ್ ಶೂಪ್."

"ಜೋರಾಗಿ ಹೇಳು."

"ಇದೆ." ಅವನ ಕಿವಿ ಕೆಂಪಾಗಿತ್ತು.

ಅವಳು ಟೇಪು ಹರಿದಳು. ಮದ್ದು ತುಂಬುವ ಸಾಮಾನು ಬೆಂಚಿನ ಹಿಂದಿನ ಮೇಜಿನ ಮೇಲೇ ಇತ್ತು. ಖಾಲಿ ತೋಟಾಗಳಿಗೆ ಮದ್ದು ತುಂಬಿ, ಬಾಯಿಗೆ ಬೇಕಾದಷ್ಟು ಗುಂಡು ಕೂರಿಸಿಕೊಂಡಳು. ಯಾರೋ ನೆರವಿಗೆ ಬಂದರು, ಅವಳ ನೋಟಕ್ಕೆ ಹಿಂದೆ ಸರಿದರು.

ಈ ಆಟದಲ್ಲಿ ಕೋವಿ ಮರಳಿನ ಚೀಲದ ಮೇಲೆ ತಾನೇ ಮಲಗಿರುತ್ತದೆ. ಹೊಡೆಯುವವರು ರೂಢಿಯಂತೆ ಅದಕ್ಕೆ ಮೈ ತಾಗಿಸುವುದಿಲ್ಲ. ಬೆರಳ ತುದಿಯೊಂದೇ ಸಾಕು, ಟ್ರಿಗರು ನೊಣ ಕೂತರೂ ಸಿಡಿಯುವಷ್ಟು ಹಗುರ. ಮೊದಲ ಹಾಳೆಗೆ ಅವಳು ಎಲ್ಲರಂತೆ ಹಾಗೇ ಹೊಡೆದಳು. ಎರಡು ಗುಂಡು ಒಂದೇ ಕಡೆ ಹೋದವು. ಮೂರನೆಯದಕ್ಕೆ ಗಾಳಿಯ ಬಾವುಟ ನೋಡುತ್ತ ಬೆರಳು ಹತ್ತಿರ ತಂದಳೋ ಇಲ್ಲವೋ, ನಡುಗಿದ ಬೆರಳು ಟ್ರಿಗರಿಗೆ ತಾಗಿ, ಅವಳು ಹೇಳುವ ಮೊದಲೇ ಕೋವಿ ಸಿಡಿಯಿತು. ಐದೂ ಮುಗಿದು ಹಾಳೆ ಬಂದಾಗ ನಾಲ್ಕು ಗುಂಡು ಒಂದೇ ಕಡೆ, ಆ ಮೂರನೆಯದು ಅಂಗುಲದಾಚೆ ಬೇರೆಯೇ ಊರಿನಲ್ಲಿತ್ತು.

"ಪಾಪ," ಎಂದರು ಹಿಂದೆ ಯಾರೋ, ಮೆಲ್ಲಗೆ.

ಡ್ವೇನ್ ಬಗ್ಗಿ ಅವಳ ಕಿವಿಯ ಬಳಿ ಹೇಳಿದ, "ಸಾಕು ಮಿಸೆಸ್ ಶೂಪ್. ನಾಲ್ಕು ಸರಿಯಾಗಿ ಹೋಗಿವೆ. ಎಲ್ಲರೂ ನೋಡಿದ್ರು. ಮನೆಗೆ ಹೋಗೋಣ ಬನ್ನಿ."

"ಆಚೆ ಹೋದ ಆ ಒಂದು ಯಾರ ತಪ್ಪು?"

"ಅದು... ಬೆರಳು ಇರಬಹುದು."

"ಇರಬಹುದಾ? ನಾಳೆ ನೀವೆಲ್ಲ ಗುಂಡಿನದೇ ತಪ್ಪು ಅಂತೀರ. ಆಚೆ ನಿಲ್ಲು."

ಎರಡನೇ ಹಾಳೆ ಏರಿತು. ಏಳು ನಿಮಿಷದ ಗಡಿ. ಪಕ್ಕದವರೆಲ್ಲ ಹೊಡೆಯತೊಡಗಿದರು. ಅಲ್ಮೀಡಾ ಹೊಡೆಯಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಳು. ಮೂರು ನಿಮಿಷ ಹೋಯಿತು. ಮರ್ಲ್ ಗಡಿಯಾರ ನೋಡಿ ಕೆಮ್ಮಿದ. ತಾಮ್ರದ ಲೋಟ ಎತ್ತುವಾಗ ನಡುಗುವ ಕೈ ಪ್ರೆಸ್ಸಿನ ಹಿಡಿಗೆ ಬಿದ್ದಾಗ ಯಾಕೆ ನಡುಗುವುದಿಲ್ಲ? ಭಾರ ಬಿಡುವುದರಿಂದ. ಹಗುರ ಮುಟ್ಟುವುದು ಈ ಆಟದ ಪದ್ಧತಿ ಇರಬಹುದು, ಅವಳ ಕೈಗೆ ಅದು ಒಗ್ಗುವುದಿಲ್ಲ.

ಅವಳು ಹೆಬ್ಬೆರಳನ್ನು ಟ್ರಿಗರಿನ ಸುತ್ತಲ ಕಬ್ಬಿಣದ ಬಳೆಯ ಹಿಂದೆ ಇಟ್ಟಳು. ಮಣಿಕಟ್ಟನ್ನು ಬೆಂಚಿಗೆ ಬಲವಾಗಿ ಅದುಮಿದಳು. ಹಿಂದೆ ಯಾರೋ ನಕ್ಕದ್ದು ಕೇಳಿಸಿತು. ಹಾಗೆ ಹಿಡಿಯುವವರು ಈ ಆಟ ಕಲಿಯದವರು. ಅದುಮಿದ ಕೈ ಕಲ್ಲಿನಂತೆ ನಿಂತಿತು. ಬೆರಳನ್ನು ಹೆಬ್ಬೆರಳ ಕಡೆಗೆ ನಿಧಾನ ತಂದಳು, ಚಿವುಟಿದಂತೆ.

ಒಂದು. ಎರಡು. ಮೂರು. ಗಾಳಿ ತಿರುಗಿ ಬಾವುಟಗಳು ಎಡಕ್ಕೆ ಹಾರಿದವು, ಅವಳು ಕಾದಳು. ಎಲ್ಲರ ಕೋವಿಗಳೂ ಸುಮ್ಮನಾಗಿದ್ದವು, ಮೈದಾನದಲ್ಲಿ ಹೊಡೆಯಲು ಉಳಿದವಳು ಅವಳೊಬ್ಬಳೇ. ಬಾವುಟ ಮೊದಲಿನ ಕಡೆಗೆ ಬಂತು. ನಾಲ್ಕು. ಮರ್ಲ್ "ಅರ್ಧ ನಿಮಿಷ" ಎಂದ. ಅವಳಿಗೆ ಕೇಳಿಸಿತು, ಅವಳು ಅವಸರ ಮಾಡಲಿಲ್ಲ. ಐದು.

ಹಾಳೆಗಳನ್ನು ತರಲು ಹೋದ ಮರ್ಲ್ ಬರುವ ದಾರಿಯಲ್ಲಿ ಒಂದು ಕಡೆ ನಿಂತ. ಕನ್ನಡಕ ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ ಬಂದು ಹಾಳೆಯನ್ನು ಅವಳ ಮುಂದಿಟ್ಟ. ಜನ ಸುತ್ತ ಸೇರಿದರು. ಮೂಲೆಯಲ್ಲಿ ಅವಳ ಹೆಸರಿತ್ತು, ಓದಲೂ ಕಷ್ಟವಾಗುವಷ್ಟು ನಡುಗಿದ ಅಕ್ಷರದಲ್ಲಿ. ಅದರ ಮೇಲೆ, ಹಾಳೆಯ ನಡುವೆ, ಐದು ಗುಂಡಿಗೆ ಒಂದೇ ತೂತಿತ್ತು.

ಈ ಸಲ ಪಾಪ ಎಂದು ಯಾರೂ ಅನ್ನಲಿಲ್ಲ. ಅಲ್ಮೀಡಾಳ ಕಣ್ಣು ತುಂಬಿತು. ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಅವತ್ತು ಅವಳೇನೂ ಗೆಲ್ಲಲಿಲ್ಲ. ಮೊದಲ ಹಾಳೆಯ ಆ ಒಂದು ಗುಂಡು ಅವಳನ್ನು ಒಂಬತ್ತನೇ ಸ್ಥಾನಕ್ಕೆ ತಳ್ಳಿತು. ಉಳಿದ ಮೂರು ಹಾಳೆಗಳನ್ನೂ ಕಲಿಯದವರ ಹಾಗೆ ಚಿವುಟಿಯೇ ಹೊಡೆದಳು, ಯಾರೂ ನಗಲಿಲ್ಲ. ಸಂಜೆ ಮರ್ಲ್ ಹೊಸ ಪಟ್ಟಿ ಗೋಡೆಗೆ ಚುಚ್ಚಿದ. ಅದರಲ್ಲಿ 'ಗುಂಡು: ಶೂಪ್' ಒಂದೇ ಕಡೆ ಇತ್ತು, ಒಂಬತ್ತನೇ ಸಾಲಿನಲ್ಲಿ. ಆ ಒಂದು ಸಾಲು ನಿಜವಾಗಿತ್ತು.

ಅವಳು ಪೆಟ್ಟಿಗೆಯನ್ನು ಗಾಡಿಗೆ ಹಾಕುತ್ತಿದ್ದಾಗ ಡ್ವೇನ್ ಟೋಪಿ ಕೈಯಲ್ಲಿ ಹಿಡಿದು ಬಂದ.

"ಮಿಸೆಸ್ ಶೂಪ್, ಮುಂದಿನ ಸ್ಪರ್ಧೆಗೆ... ನನಗೊಂದು ಡಬ್ಬಿ ಸಿಗುತ್ತಾ?"

ಅಲ್ಮೀಡಾ ಗಾಡಿ ಹತ್ತಿದಳು. ಬೀಗದ ಕೈ ಸಿಕ್ಕಿಸುವಾಗ ಎರಡು ಸಲ ತಪ್ಪಿತು, ಮೂರನೇ ಸಲಕ್ಕೆ ಸಿಕ್ಕಿತು. ಅಷ್ಟು ಹೊತ್ತೂ ಅವನು ಸಹಾಯಕ್ಕೆ ಕೈ ಚಾಚಲಿಲ್ಲ. ಅದನ್ನು ಅವಳು ಗಮನಿಸಿದಳು.

"ನಿನ್ನ ಕಪಾಟಲ್ಲಿ ಹನ್ನೊಂದು ಇದಾವೆ," ಎಂದಳು. "ಮೊದಲು ಅವುಗಳ ಟೇಪು ಹರಿ."